ಕಚೇರಿಯ ವೇಳೆ

ಮೂವತ್ತೊಂದು ವರ್ಷ ಸ್ಪ್ರಿಂಗ್‌ಡೇಲಿನ ಅಂಚೆಮನೆಯಲ್ಲಿ
ಕಾಗದ ವಿಂಗಡಿಸಿದವನು ನಾನು, ಡ್ವೇನ್ ಪ್ರುಯಿಟ್.
ಕಾಲೇಜುಗಳಿಂದ ಬರುವ ಲಕೋಟೆಯ ಹಣೆಬರಹ
ಅಂಗೈಗೇ ತಿಳಿಯುತ್ತಿತ್ತು:
ದಪ್ಪಗಿದ್ದರೆ ಸೀಟು ಸಿಕ್ಕಿದೆ, ತೆಳ್ಳಗಿದ್ದರೆ ಇಲ್ಲ.
ಅದಕ್ಕಿಂತ ಹತ್ತಿರ ನಾನು ಕಾಲೇಜಿಗೆ ಹೋದವನಲ್ಲ.

ಆದರೂ ಓಪಲ್ ಸ್ಟೈಲ್ಸ್ ನಿಧಿಯವರು ಕರೆದರು.
ಓಪಲ್, ಹೊಲಿಗೆ ಯಂತ್ರ ರಿಪೇರಿಯ ಹೆಂಗಸು,
ಸಾಯುವ ಮೊದಲು ಅಂಗಡಿಯನ್ನು
ಊರ ಮಕ್ಕಳ ಓದಿಗೆಂದು ಬರೆದಿಟ್ಟಿದ್ದಳು.
"ಹಣದ ಜೊತೆ ಒಬ್ಬ ಮನುಷ್ಯನನ್ನೂ ಕೊಡಿ"
ಉಯಿಲಿನಲ್ಲಿ ವಕೀಲನಿಗೆ ತಿದ್ದಗೊಡದ ಸಾಲು.
ಹೀಗೆ ಹರ್ಟೀನಾಳಿಗೆ ನಾಲ್ಕು ವರ್ಷದ ಫೀಸು ಸಿಕ್ಕಿತು.
ಜೊತೆಗೆ ನಾನು.

ಮಾರ್ಷಲ್ ದ್ವೀಪಗಳಿಂದ ಬಂದ ಮಂದಿ.
ತಾಯಿಗೆ ಕೋಳಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ,
ಬೆರಳ ಗೆಣ್ಣುಗಳಲ್ಲಿ ಮಂಜುಗಡ್ಡೆ ಕೂತಿದೆ.
ಮೊದಲ ದಿನ ಚಾಪೆ ಹಾಸಿ, ಮೀನು ಅನ್ನ ಬಡಿಸಿ,
ಮಗಳ ಬಾಯಿಂದ ಕೇಳಿಸಿದಳು:
"ಅಲ್ಲಿ ನಿಮಗೆ ಯಾರು ಗೊತ್ತು?"
ಯಾರೂ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ.
ಅನ್ನ ಕೆದಕುತ್ತ ತಲೆ ಆಡಿಸಿದೆ,
ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಭಾನುವಾರ ಸಂಜೆ ಏಳಕ್ಕೆ ಫೋನು, ಅದು ಕರಾರು.
ಊಟ ಆಯಿತೇ, ಕೋಟು ಇದೆಯೇ, ಅಷ್ಟೇ ಮಾತು.
ಅಕ್ಟೋಬರಿನಲ್ಲಿ ಕೇಳಿದಳು:
"ರಸಾಯನಶಾಸ್ತ್ರದ ಮೇಷ್ಟ್ರ ಬಾಗಿಲಲ್ಲಿ ಬರೆದಿದೆ,
ಕಚೇರಿಯ ವೇಳೆ, ಮಂಗಳವಾರ ಎರಡರಿಂದ ನಾಲ್ಕು.
ಹಾಗಂದರೆ ಏನು?"
ಸರ್ಕಾರಿ ಕೆಲಸದಲ್ಲಿ ತಲೆ ನರೆತವನು ತಟ್ಟನೆ ಹೇಳಿದೆ:
"ಆ ಹೊತ್ತು ಅವರಿಗೆ ಕೆಲಸ ಇರುತ್ತದೆ. ಹೋಗಿ ಕಾಡಬೇಡ."

ಅವಳು ಕಾಡಲಿಲ್ಲ.
ನವೆಂಬರಿನಲ್ಲಿ ಫೋನು ಎತ್ತುವುದನ್ನೂ ಬಿಟ್ಟಳು.
ಒಂದು ಭಾನುವಾರ. ಎರಡು. ಮೂರು.
ಮರುದಿನ ನಿಧಿಯಿಂದ ಲಕೋಟೆ, ತೆಳ್ಳಗೆ:
ಅಂಕ ಇನ್ನೂ ಇಳಿದರೆ ಹಣ ನಿಲ್ಲುತ್ತದೆ.

ಬೆಳಗಿನ ಐದಕ್ಕೆ ಗಾಡಿ ತೆಗೆದೆ.
ಹೆದ್ದಾರಿಯ ಅಂಚಿಗೆ ಕೋಳಿ ಲಾರಿಗಳು ಉದುರಿಸಿದ ಪುಕ್ಕ,
ಬೆಟ್ಟ ಇಳಿದ ಮೇಲೆ ಕೊಯ್ದ ಭತ್ತದ ಗದ್ದೆ,
ನಿಂತ ನೀರಿನಲ್ಲಿ ಬಾತುಗಳು.
ಜೋನ್ಸ್‌ಬರೋ ತಲುಪುವಾಗ ಹತ್ತು.
ಗ್ರಂಥಾಲಯದ ಮೂರನೇ ಮಹಡಿಯಲ್ಲಿ ಸಿಕ್ಕಳು,
ಎರಡೇ ಗಂಟೆಗೆ ಎರವಲು ಕೊಡುವ ಪಠ್ಯಪುಸ್ತಕವನ್ನು
ಪುಟಪುಟವಾಗಿ ಕೈಯಲ್ಲಿ ನಕಲು ಮಾಡುತ್ತ.
ಪುಸ್ತಕದ ಹಣ ಎಲ್ಲಿ?
ತಮ್ಮನ ಹಲ್ಲಿಗೆ ಹೋಗಿತ್ತು.
ಬೈಯಲು ಬಾಯಿ ತೆರೆದೆ.
ಅವಳ ಮಧ್ಯದ ಬೆರಳಿನಲ್ಲಿ ಪೆನ್ನಿನ ಗಂಟು ಕಂಡಿತು.

ಅಂದು ಮಂಗಳವಾರ.
ಎರಡಕ್ಕೆ ಐದು ನಿಮಿಷವಿರುವಾಗ ಆ ಬಾಗಿಲ ಮುಂದೆ ನಿಂತೆವು.
ತೆರೆದೇ ಇತ್ತು.
ಒಳಗೆ ಮೇಷ್ಟ್ರು ಒಬ್ಬರೇ, ಕಿತ್ತಳೆ ಸುಲಿಯುತ್ತ.
"ಈ ಹೊತ್ತು ಇರುವುದೇ ನಿಮಗಾಗಿ," ಅಂದರು.
"ಯಾರೂ ಬರುವುದಿಲ್ಲ. ಈ ಕುರ್ಚಿ ನೋಡಿ, ಹೊಸದರ ಹಾಗೆಯೇ ಇದೆ."

ಮೂವತ್ತೊಂದು ವರ್ಷದಲ್ಲಿ ಒಂದು ಕಾಗದವನ್ನೂ
ತಪ್ಪು ಗೂಡಿಗೆ ಹಾಕಿದವನಲ್ಲ ಎಂಬ ಜಂಭ ನನ್ನದು.
"ನನಗೆ ಗೊತ್ತಿರಲಿಲ್ಲ," ಅಂದೆ ಅವಳಿಗೆ,
ಮೇಷ್ಟ್ರ ಎದುರಿಗೇ. "ಗೊತ್ತಿದ್ದವನಂತೆ ಹೇಳಿದೆ."
ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರಲ್ಲ,
ನನ್ನ ಬಣ್ಣ ಹೋಯಿತು, ಹಗುರಾದೆ.
ಹರ್ಟೀನಾ ಆ ಹೊಸ ಕುರ್ಚಿಯ ತುದಿಯಲ್ಲಿ ಕೂತು
ಚೀಲದಿಂದ ನಕಲು ಹಾಳೆಗಳ ಕಟ್ಟು ತೆಗೆದಳು.
ನಾನು ಹೊರಗೆ, ಗೋಡೆಗೆ ಒರಗಿ,
ಒಂದಕ್ಷರ ಅರ್ಥವಾಗದ ಮಾತು ಕೇಳುತ್ತ ನಾಲ್ಕರವರೆಗೆ.

ಆ ಸಲ ಅಂಚಿನಲ್ಲಿ ಪಾಸಾದಳು. ಅಂಚು ಅಂದರೆ ಅಂಚೇ.
ಈಗ ಮೂರನೇ ವರ್ಷ. ಭಾನುವಾರ ಏನು ಕೇಳುವುದಿದ್ದರೂ ಮೊದಲು,
"ಇದು ನಿಮಗೆ ಗೊತ್ತಾ, ಇಲ್ಲವಾ, ಅದು ಹೇಳಿ."
ಹೆಚ್ಚಿನಂಶ ಇಲ್ಲ. ಹಾಗಾದರೆ ಯಾರನ್ನು ಕೇಳೋಣ ಅನ್ನುತ್ತೇವೆ.

ಮೊನ್ನೆ ತಾಯಿ ಮೀನು ಬಡಿಸುತ್ತ
ತಾನೇ ಕಲಿತ ಇಂಗ್ಲಿಷಿನಲ್ಲಿ ಕೆಣಕಿದಳು:
"ಅಲ್ಲಿ ನಿಮಗೆ ಯಾರು ಗೊತ್ತು?"
ಕಿತ್ತಳೆ ತಿನ್ನುವ ಒಬ್ಬರು, ಅಂದೆ.
ಮತ್ತೆ ನಿಮ್ಮ ಮಗಳು.